ಚೀನೀ ಭಾಷೆಯ ‘ತ್ಸೋವ್’ ಅಂದ್ರೆ ನಡೆಯೋದಾ, ಓಡೋದಾ, ಹೊರಡೋದಾ?

ಪ್ರಶ್ನೆ: ಎಂಟು ತಿಂಗಳ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳಿಂದ ಆನ್‌ಲೈನ್‌ನಲ್ಲಿ ಮ್ಯಾಂಡರಿನ್ ಕಲಿಯುತ್ತಿದ್ದೇನೆ. ವಾರಕ್ಕೆ ಎರಡು ಕ್ಲಾಸು. ಪ್ರತಿ ಕ್ಲಾಸಿಗೂ ಮುಂಚೆ ಐದಾರು ವಾಕ್ಯದ ದಿನಚರಿ ಬರೆದು ಟೀಚರಿಗೆ ಕಳಿಸಬೇಕು. ಹೋದ ವಾರ ಅದರಲ್ಲೇ ಎಡವಟ್ಟಾಯಿತು.

ನಮ್ಮ ತಾತ ದಿನಾ ಬೆಳಗ್ಗೆ ವಾಕಿಂಗ್ ಹೋಗುತ್ತಾರೆ. ಅದನ್ನೇ ಬರೆಯೋಣ ಅಂದುಕೊಂಡೆ. ‘ನಡೆ’ ಅನ್ನೋದಕ್ಕೆ ನಿಘಂಟಿನಲ್ಲಿ ‘ತ್ಸೋವ್’ ಅಂತ ಇತ್ತು. ಮೂರನೇ ಸ್ವರ, ಅಂದರೆ ದನಿ ತಗ್ಗಿ ಏಳೋದು. ಆಗಿಹೋದ ಕೆಲಸಕ್ಕೆ ಕೊನೆಯಲ್ಲಿ ‘ಲ’ ಸೇರಿಸಬೇಕು ಅಂತ ಪಾಠದಲ್ಲಿ ಬಂದಿತ್ತು. ಸರಿ, ‘ಯೆಯೆ ತ್ಸಾವ್‌ಶಾಂಗ್ ತ್ಸೋವ್ ಲ’ ಅಂತ ಬರೆದೆ. ಯೆಯೆ ಅಂದರೆ ಅಪ್ಪನ ಅಪ್ಪ, ತ್ಸಾವ್‌ಶಾಂಗ್ ಅಂದರೆ ಬೆಳಗ್ಗೆ. ನನ್ನ ಲೆಕ್ಕದಲ್ಲಿ ‘ತಾತ ಬೆಳಗ್ಗೆ ವಾಕ್ ಮಾಡಿದರು’. ಮುಂದಿನ ವಾಕ್ಯ ಇನ್ನೂ ಚೆಂದ: ‘ನಾನು ತಿಂಡಿ ತಿಂದೆ, ಆಮೇಲೆ ಟೀವಿ ನೋಡಿದೆ.’

ಹತ್ತು ನಿಮಿಷಕ್ಕೆಲ್ಲ ಟೀಚರ್ ಮೆಸೇಜು ಬಂತು. ಮೊದಲು ‘ಜ್ಯೆ ಆಯ್’ ಅಂತ ಎರಡೇ ಅಕ್ಷರ. ಆಮೇಲೆ, ಈ ವಾರ ಕ್ಲಾಸ್ ಬೇಡ, ಮನೆಯವರ ಜೊತೆ ಇರಿ ಅಂತ. ಜ್ಯೆ ಆಯ್ ಏನು ಅಂತ ಹುಡುಕಿದರೆ ‘ದುಃಖ ತಡೆದುಕೊಳ್ಳಿ’! ತಾತ ಆಗ ನನ್ನ ಎದುರಿಗೇ ಕೂತು ಪೇಪರ್ ಓದುತ್ತಿದ್ದರು.

ಇದೇ ಪದದಲ್ಲಿ ಹಿಂದೊಮ್ಮೆಯೂ ಏಟು ತಿಂದಿದ್ದೆ. ‘ಮುಂದಿನ ತಿಂಗಳು ಬೀಜಿಂಗಿಗೆ ಹೋಗ್ತೀನಿ’ ಅನ್ನೋದಕ್ಕೆ ‘ತ್ಸೋವ್ ಬೇಯ್‌ಜಿಂಗ್’ ಅಂತ ಬರೆದಿದ್ದೆ. ಟೀಚರ್ ಕೆಂಪು ಗೆರೆ ಎಳೆದಿದ್ದರು. ಸಾಲದ್ದಕ್ಕೆ ಜಪಾನೀ ಕಲಿಯೋ ಗೆಳತಿಯೊಬ್ಬಳು ಅಕ್ಷರ ನೋಡಿ, ‘ಇದು ಓಡು ಅಲ್ವಾ? ನಮ್ಮಲ್ಲಿ ಹಷಿರು ಅಂತ ಓದ್ತೀವಿ’ ಅಂದಳು.

ನಡೆಯೋದು, ಓಡೋದು, ಸಾಯೋದು. ಒಂದೇ ಪದ ಇಷ್ಟೆಲ್ಲ ಹೇಗೆ ಹೇಳುತ್ತದೆ? ಯಾವುದನ್ನು ನಂಬಬೇಕು?

ಉತ್ತರ 1: ಹಳೇ ದುಭಾಷಿ

ಮೊದಲು ನಿಮ್ಮ ತಾತನಿಗೆ ನಮಸ್ಕಾರ ಹೇಳಿ. ನೂರು ವರ್ಷ ಬಾಳಲಿ.

ನಿಘಂಟೂ ಸರಿ, ಟೀಚರೂ ಸರಿ, ಗೆಳತಿಯೂ ಸರಿ. ತಪ್ಪಿದ್ದು ಒಂದೇ ಕಡೆ. ನಿಮ್ಮ ತಲೆಯಲ್ಲಿ ತ್ಸೋವ್ ಪಕ್ಕ ‘ನಡೆ’ ಅಂತ ಬರೆದಿಟ್ಟುಕೊಂಡಿದ್ದೀರಲ್ಲ, ಅದನ್ನು ಅಳಿಸಿ. ‘ಹೊರಡು’ ಅಂತ ಬರೆದುಕೊಳ್ಳಿ. ಅರ್ಧ ಕಷ್ಟ ಅಲ್ಲೇ ಕಳೆಯುತ್ತದೆ.

ನಮ್ಮ ‘ಹೋಗು’ ಎರಡು ಕೆಲಸ ಮಾಡುತ್ತದೆ. ‘ಬೀಜಿಂಗಿಗೆ ಹೋದ’ ಅಂದಾಗ ಕಣ್ಣು ಮುಟ್ಟುವ ಜಾಗದ ಮೇಲೆ. ‘ಆಗಲೇ ಹೋದ’ ಅಂದಾಗ ಕಣ್ಣು ಬಿಟ್ಟ ಜಾಗದ ಮೇಲೆ. ಚೀನೀ ಭಾಷೆ ಈ ಎರಡನ್ನೂ ಎರಡು ಪದಕ್ಕೆ ಹಂಚಿಕೊಟ್ಟಿದೆ. ಮುಟ್ಟುವ ಜಾಗ ಹೇಳಬೇಕಾದರೆ ‘ಛ್ಯು’. ಇದ್ದ ಜಾಗ ಬಿಟ್ಟದ್ದು ಹೇಳಬೇಕಾದರೆ ‘ತ್ಸೋವ್’. ಅದಕ್ಕೇ ‘ಛ್ಯು ಬೇಯ್‌ಜಿಂಗ್’ ಆಗುತ್ತದೆ, ‘ತ್ಸೋವ್ ಬೇಯ್‌ಜಿಂಗ್’ ಆಗೋದಿಲ್ಲ. ‘ಬೀಜಿಂಗ್ ಹೊರಡು’ ಅಂದಷ್ಟೇ ಅಡ್ಡಾದಿಡ್ಡಿ ಅದು.

‘ವೊಮನ್ ತ್ಸೋವ್ ಬಾ’ ಅಂದರೆ ‘ಹೊರಡೋಣ’. ನಡೆದಾದರೂ ಸರಿ, ವಿಮಾನದಲ್ಲಾದರೂ ಸರಿ. ‘ಥಾ ತ್ಸೋವ್ ಲ’ ಅಂದರೆ ‘ಹೊರಟುಹೋದ’. ಇನ್ನು ‘ವೊ ತ್ಸೋವ್ ಲ’. ಇದನ್ನು ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳುತ್ತಾರೆ, ಇನ್ನೂ ಹೋಗಿರೋದಿಲ್ಲ. ಇಂಗ್ಲಿಷ್ ಮೂಲಕ ಕಲಿಯುವವರಿಗೆ ಇದು ದೊಡ್ಡ ತಲೆನೋವು. ಆಗದ ಕೆಲಸಕ್ಕೆ ‘ಲ’ ಯಾಕೆ ಅಂತ ಪುಟಗಟ್ಟಲೆ ವ್ಯಾಕರಣ ಓದುತ್ತಾರೆ. ನಮಗೆ ಅದು ಬೇಕಿಲ್ಲ. ನಾವೂ ಬಾಗಿಲಲ್ಲಿ ನಿಂತು ‘ನಾನು ಹೊರಟೆ’ ಅಂತೀವಿ ತಾನೇ? ಒಳಗಿಂದ ಯಾರೋ ಕರೆದರೆ ಕೂತಲ್ಲಿಂದಲೇ ‘ಬಂದೆ ಬಂದೆ’ ಅಂತೀವಿ. ಅವರೂ ಹಾಗೇ ‘ಲಾಯ್ ಲ, ಲಾಯ್ ಲ’ ಅಂತಾರೆ. ಲಾಯ್ ಅಂದರೆ ಬಾ. ಕನ್ನಡ ಗೊತ್ತಿರೋದು ಇಲ್ಲಿ ಪುಕ್ಕಟೆ ಲಾಭ.

ತಾತನ ವಿಷಯಕ್ಕೂ ಕನ್ನಡದಲ್ಲೇ ಉತ್ತರ ಇದೆ. ವಯಸ್ಸಾದವರ ಹೆಸರು ಹೇಳಿ, ಎಲ್ಲಿಗೆ ಅಂತ ಹೇಳದೆ, ‘ಬೆಳಗ್ಗೆ ಹೋದರು’ ಅಂತ ಬರೆದು ನೋಡಿ. ಓದಿದವರಿಗೆ ಏನನ್ನಿಸುತ್ತದೆ? ‘ಸತ್ತರು’ ಅನ್ನೋದು ಬಾಯಿಗೆ ಬರದಿದ್ದಾಗ ನಾವು ಹಿಡಿಯುವ ಪದವನ್ನೇ ಅವರೂ ಹಿಡಿಯುತ್ತಾರೆ. ವಾಕಿಂಗ್‌ಗೆ ಬೇರೆಯೇ ಪದ ಇದೆ, ‘ಸಾನ್‌ಬು’. ‘ಛ್ಯು ಸಾನ್‌ಬು’ ಅಂದರೆ ಅಡ್ಡಾಡೋಕೆ ಹೋಗೋದು. ಅಲ್ಲಿಗೆ ತಾತ ಕ್ಷೇಮ.

ತ್ಸೋವ್ ಇನ್ನೊಂದು ಕ್ರಿಯಾಪದದ ಬಾಲವಾಗಿ ಬಂದಾಗ ನೋಡಿ, ಕಾಲಿನ ಸುಳಿವೇ ಇರೋದಿಲ್ಲ. ಫೇಯ್ ಅಂದರೆ ಹಾರು, ‘ಫೇಯ್ ತ್ಸೋವ್ ಲ’ ಅಂದರೆ ಹಾರಿಹೋಯಿತು. ನಾ ಅಂದರೆ ಕೈಯಲ್ಲಿ ಹಿಡಿ, ‘ನಾ ತ್ಸೋವ್ ಲ’ ಅಂದರೆ ತಗೊಂಡು ಹೋದ. ‘ಥೋವ್ ತ್ಸೋವ್ ಲ’ ಅಂದರೆ ಕದ್ದೊಯ್ದ. ಹಾರಿಹೋದ ಹಕ್ಕಿ ನಡೆಯಲಿಲ್ಲ, ಅಲ್ವಾ? ನಮ್ಮ ‘ಹೋಯಿತು’ ಮಾಡುವ ಕೆಲಸವನ್ನೇ ಅಲ್ಲಿ ತ್ಸೋವ್ ಮಾಡುತ್ತಿದೆ. ಚಹಾಪುಡಿ ಡಬ್ಬಿ ಮುಚ್ಚದೆ ಇಟ್ಟರೆ ‘ತ್ಸೋವ್ ವೇಯ್’, ಅಂದರೆ ರುಚಿ ಹೋಯಿತು. ಹಾಡುವವರ ಶ್ರುತಿ ತಪ್ಪಿದರೆ ‘ತ್ಸೋವ್ ತ್ಯಾವ್’. ಪಾಠ ಕೇಳುತ್ತಾ ಮನಸ್ಸು ಎಲ್ಲೋ ಹೋದರೆ ‘ತ್ಸೋವ್ ಶೆನ್’. ಇರಬೇಕಾದ ಜಾಗ ಬಿಟ್ಟು ಜಾರಿದ್ದಕ್ಕೆಲ್ಲ ಇದೇ ಪದ.

ಹಾಗಾದರೆ ನಡೆಯೋದು ಎಲ್ಲಿ? ‘ತ್ಸೋವ್ ಲು’ ಅಂದರೆ ಕಾಲುನಡಿಗೆ. ಲು ಅಂದರೆ ದಾರಿ. ಹಿಂದೆ ‘ವರೆಗೆ’, ‘ಒಳಕ್ಕೆ’, ‘ಆ ಕಡೆಗೆ’ ಅನ್ನುವ ಪದ ಅಂಟಿದರೂ ಕಾಲು ವಾಪಸ್ ಬರುತ್ತದೆ. ‘ತ್ಸೋವ್ ದಾವ್ ಚೆಜಾನ್’ ಅಂದರೆ ಸ್ಟೇಷನ್‌ವರೆಗೆ ನಡೆದು ಹೋಗೋದು. ಬರೀ ‘ತ್ಸೋವ್ ಲ’ ಇದ್ದರೆ ಸಾಮಾನ್ಯವಾಗಿ ಹೊರಟಿದ್ದು.

ಇದಕ್ಕೂ ಸೇರದ ಒಂದು ಬಳಕೆ ಇದೆ. ಅದನ್ನು ನಾನು ಮಾನ ಕಳಕೊಂಡು ಕಲಿತೆ. 2009, ಬೀಜಿಂಗ್, ನನ್ನ ಮೊದಲ ದುಭಾಷಿ ಕೆಲಸ. ಟ್ಯಾಕ್ಸಿ ಹಿಂದಿನ ಸೀಟಿನಲ್ಲಿ ನಮ್ಮ ಕಡೆಯ ಇಬ್ಬರು ದೊಡ್ಡ ಮನುಷ್ಯರು, ಮುಂದೆ ನಾನು, ಎದೆ ಉಬ್ಬಿಸಿಕೊಂಡು. ಚಾಲಕ ಕೇಳಿದ: ‘ತ್ಸೋವ್ ಅರ್ ಹ್ವಾನ್ ಹಾಯ್‌ಶ್ರ್ ಸಾನ್ ಹ್ವಾನ್?’ ನನಗೆ ಕೇಳಿಸಿದ್ದು ‘ತ್ಸೋವ್’ ಒಂದೇ. ಗಾಬರಿಯಾಗಿ, ‘ಇಲ್ಲ ಇಲ್ಲ, ನಾವು ನಡೆಯೋದಿಲ್ಲ, ಕಾರಲ್ಲೇ ಹೋಗೋದು’ ಅಂದೆ. ಆತ ಒಂದು ಕ್ಷಣ ಸ್ಟಿಯರಿಂಗ್ ನೋಡಿದ, ಒಂದು ಕ್ಷಣ ನನ್ನನ್ನು ನೋಡಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಆತ ಕೇಳಿದ್ದು ಎರಡನೇ ವರ್ತುಲ ರಸ್ತೆಯಲ್ಲಿ ಹೋಗೋಣವಾ, ಮೂರನೆಯದರಲ್ಲಾ ಅಂತ. (ಎರಡನೆಯದು ಹೆಚ್ಚುಕಡಿಮೆ ಹಳೇ ಊರಿನ ಕೋಟೆಗೋಡೆ ಇದ್ದ ಸಾಲಿನಲ್ಲೇ ಸುತ್ತುತ್ತದೆ. ಆ ಗೋಡೆಯ ಚೂರುಪಾರು ಮಾತ್ರ ಈಗ ಉಳಿದಿದೆ.) ಹಿಂದಿನ ಸೀಟಿನವರು ‘ಏನಂತೆ?’ ಅಂದರು. ‘ಟ್ರಾಫಿಕ್ ಜಾಸ್ತಿಯಂತೆ’ ಅಂದೆ.

ದಾರಿಯ ಹೆಸರು ಪಕ್ಕದಲ್ಲೇ ಬಂದರೆ ತ್ಸೋವ್ ಅಂದರೆ ‘ಆ ದಾರಿ ಹಿಡಿ’. ಹೆದ್ದಾರಿ ಹಿಡಿಯೋದು, ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯೋದು, ಎಲ್ಲಕ್ಕೂ ಅದೇ. ಲಂಚ, ವಶೀಲಿಯ ಹಿಂಬಾಗಿಲಿಗೂ ‘ತ್ಸೋವ್ ಹೋವ್‌ಮನ್’. ನಿಮ್ಮ ‘ತ್ಸೋವ್ ಬೇಯ್‌ಜಿಂಗ್’ ಓದಿದವರಿಗೆ ಏನಾದರೂ ಅರ್ಥ ಹೊಳೆದರೆ ‘ಬೀಜಿಂಗ್ ಮೇಲಿಂದ ಹಾದು’ ಅಂತ ಹೊಳೆಯಬಹುದು, ಅಷ್ಟೆ.

ಇನ್ನು ಓಡೋದು. ನಿಮ್ಮ ಗೆಳತಿ ಹೇಳಿದ್ದು ಈ ಪದದ ಹಳೇ ಅರ್ಥ, ನನಗೆ ಇಷ್ಟವಾದ ಭಾಗವೂ ಅದೇ. ಎರಡು ಸಾವಿರ ವರ್ಷಕ್ಕೂ ಹಿಂದಿನ ಕಂಚಿನ ಪಾತ್ರೆಗಳ ಮೇಲೆ ಈ ಅಕ್ಷರ ನೋಡಿದರೆ ಒಬ್ಬ ಮನುಷ್ಯ ಎರಡೂ ಕೈ ಬೀಸುತ್ತಿದ್ದಾನೆ, ಕೆಳಗೊಂದು ಪಾದ ಇದೆ. ಕೈ ಬೀಸುವ ರಭಸ ನೋಡಿದರೆ ವಾಕಿಂಗ್ ಅಂತೂ ಅಲ್ಲ. ಕ್ರಿ.ಶ. 100ರಲ್ಲಿ ಶು ಶೆನ್ ಮುಗಿಸಿದ ‘ಶುವೋವೆನ್’ ಪದಕೋಶವೂ ಇದಕ್ಕೆ ಬಿರುಸಾಗಿ ಹೋಗು ಅಂತಲೇ ಅರ್ಥ ಕೊಡುತ್ತದೆ. ಹಾನ್ ರಾಜವಂಶದ ಕಾಲದ ಕೊನೆಯಲ್ಲಿ ಬಂದ ಇನ್ನೊಂದು ಪದಕೋಶ ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತದೆ. ನಿಧಾನಕ್ಕೆ ಹೋದರೆ ‘ಬು’, ಬೇಗ ಹೋದರೆ ‘ಛ್ಯೂ’ (ಇದು ಬೇರೆ ಛ್ಯೂ, ಅಕ್ಷರವೂ ಬೇರೆ), ಅದಕ್ಕಿಂತ ಜೋರಾದರೆ ‘ತ್ಸೋವ್’. ಮೊದಲ ಮೆಟ್ಟಿಲಿನ ಬು ಇದೆಯಲ್ಲ, ನಿಮ್ಮ ತಾತನ ಸಾನ್‌ಬುವಿನಲ್ಲಿರುವ ಬು ಅದೇ.

ಚೀನಾದ ಹಳೇ ಚಿಂತಕ ಮೆನ್ಸಿಯಸ್ ಹೇಳಿದ ಕತೆ ಕೇಳಿರುತ್ತೀರಿ. ಲಿಯಾಂಗ್ ರಾಜ್ಯದ ರಾಜ ಹುಯಿ, ‘ನಾನು ಪ್ರಜೆಗಳನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುತ್ತೇನೆ, ಆದರೂ ಪಕ್ಕದ ರಾಜ್ಯದ ಜನ ಯಾಕೆ ಇಲ್ಲಿಗೆ ಬರೋದಿಲ್ಲ?’ ಅಂತ ಕೇಳುತ್ತಾನೆ. ಮೆನ್ಸಿಯಸ್ ಯುದ್ಧದ ಮಾತು ತೆಗೆಯುತ್ತಾನೆ. ಸೈನಿಕರು ಕವಚ ಬಿಸಾಕಿ, ಆಯುಧ ಎಳಕೊಂಡು ‘ತ್ಸೋವ್’ ಆದರು. ಒಬ್ಬ ನೂರು ಹೆಜ್ಜೆಗೆ ನಿಂತ, ಇನ್ನೊಬ್ಬ ಐವತ್ತಕ್ಕೆ ನಿಂತ. ಐವತ್ತರವನು ನೂರರವನನ್ನು ನೋಡಿ ನಗಬಹುದಾ? ರಾಜ ಅಂತಾನೆ, ಇಲ್ಲ, ನೂರು ಆಗಲಿಲ್ಲ ಅಷ್ಟೆ, ಅವನದ್ದೂ ತ್ಸೋವೇ. ಇಲ್ಲಿ ‘ನಡೆದರು’ ಅಂತ ಓದಿದರೆ ಇಡೀ ಸೈನ್ಯ ಸಂಜೆ ಗಾಳಿಗೆ ಹೊರಟ ಹಾಗಾಗುತ್ತದೆ. ಇನ್ನೊಬ್ಬ ಹಳೇ ಚಿಂತಕ ಹಾನ್ ಫೇಯ್ ಬರೆದ ಮೊಲವೂ ಅಷ್ಟೆ. ಮೊಲ ‘ತ್ಸೋವ್’ ಆಗಿ ಹೊಲದ ಮರದ ಬೊಡ್ಡೆಗೆ ಬಡಿದು ಕುತ್ತಿಗೆ ಮುರಿದುಕೊಂಡು ಸತ್ತಿತು, ರೈತ ನೇಗಿಲು ಬಿಟ್ಟು ಇನ್ನೊಂದು ಮೊಲ ಬರಲಿ ಅಂತ ಬೊಡ್ಡೆ ಕಾಯುತ್ತಾ ಕೂತ. ನಡೆದು ಹೋಗೋ ಮೊಲ ಕುತ್ತಿಗೆ ಮುರಿದುಕೊಳ್ಳುತ್ತಾ?

ಇವತ್ತಿನ ಮಾತಿನಲ್ಲೂ ಆ ಓಟ ಅಲ್ಲಲ್ಲಿ ಸಿಕ್ಕಿಹಾಕಿಕೊಂಡಿದೆ. ‘ತ್ಸೋವ್ ಮಾ ಕಾನ್ ಹ್ವಾ’, ಅಂದರೆ ಕುದುರೆ ಮೇಲಿಂದ ಹೂ ನೋಡೋದು. ನಾನು ಮೊದಲು ಇದನ್ನು ಆರಾಮಾಗಿ, ಸವಿದು ನೋಡೋದು ಅಂದುಕೊಂಡಿದ್ದೆ. ಪೂರಾ ಉಲ್ಟಾ. ಕುದುರೆ ನಾಗಾಲೋಟದಲ್ಲಿದೆ, ಮೇಲಿರುವವನು ಹೂವನ್ನು ಸರಿಯಾಗಿ ನೋಡುತ್ತಲೇ ಇಲ್ಲ. ಮೇಲೆ ಮೇಲೆ ಕಣ್ಣಾಡಿಸೋದಕ್ಕೆ ಹೇಳುವ ಮಾತು ಇದು. ಇದರ ಬೇರು ಮೆಂಗ್ ಜ್ಯಾವ್ ಎಂಬ ಕವಿಯ ಸಾಲಿನಲ್ಲಿದೆ. 796ರಲ್ಲಿ, ನಲವತ್ತು ದಾಟಿದ ಮೇಲೆ, ಸರ್ಕಾರಿ ಪರೀಕ್ಷೆ ಪಾಸಾದ ಖುಷಿಗೆ ಚಾಂಗ್‌ಆನ್ ಊರಿನ ಹೂವನ್ನೆಲ್ಲ ಒಂದೇ ದಿನದಲ್ಲಿ ನೋಡಿ ಮುಗಿಸಿದೆ ಅಂತ ಬರೆದ. ಪಾಪ, ಅದಕ್ಕೂ ಮುಂಚೆ ಫೇಲಾಗಿದ್ದ ಮನುಷ್ಯ. ಅವನಿಗೆ ಅದು ಸಂಭ್ರಮ, ಈಗ ಅದೇ ಬೈಗುಳದಂತಾಗಿದೆ.

ತ್ಸೋವ್ ನಡಿಗೆಗೆ ಇಳಿದ ಮೇಲೆ ಓಟದ ಜಾಗಕ್ಕೆ ಬಂದದ್ದು ‘ಪಾವ್’. ಈಗ ಮ್ಯಾಂಡರಿನ್‌ನಲ್ಲಿ ಓಡು ಅಂದರೆ ಪಾವ್. ಅದೇ ಅಕ್ಷರಕ್ಕೆ ಬೇರೆ ಸ್ವರದಲ್ಲಿ, ಪ್ರಾಣಿ ಕಾಲಿನಿಂದ ನೆಲ ಕೆರೆಯೋದು ಅಂತಲೂ ಅರ್ಥ ಇದೆ. ಹಾಂಗ್‌ಝೌನಲ್ಲಿ ಚಹಾಕ್ಕೆ ಹೆಸರಾದ ಒಂದು ಊಟೆ ಇದೆ, ಹುಪಾವ್. ಹುಲಿ ಕೆರೆದು ಚಿಮ್ಮಿಸಿದ ನೀರು ಅಂತ. ‘ಹುಲಿ ಓಡಿದ ಊಟೆ’ ಅಂತ ಅನುವಾದ ಮಾಡಿ ಒಮ್ಮೆ ನಾನು ಬೈಸಿಕೊಂಡಿದ್ದೂ ಇದೆ. ಸಾಕು, ವಿಷಯ ಬಿಟ್ಟು ಹೋಗ್ತಾ ಇದ್ದೀನಿ.

ಉತ್ತರ 2: ಚದುರಂಗದ ಹುಚ್ಚ

ದುಭಾಷಿಗಳೇ, ಉಳಿದದ್ದೆಲ್ಲ ಒಪ್ಪಿದೆ. ಆದರೆ ‘ನಡೆ’ಯನ್ನು ಪೂರ್ತಿ ಅಳಿಸಿ ಅಂದಿರಲ್ಲ, ಅದು ಸ್ವಲ್ಪ ಅತಿಯಾಯಿತು.

ನಾನು ಚೀನೀ ಚದುರಂಗ, ಅಂದರೆ ಶ್ಯಾಂಗ್‌ಛಿ, ಆಡಿ ಆಡಿಯೇ ನಾಲ್ಕು ಮಾತು ಕಲಿತವನು. ಅಲ್ಲಿ ಮೊದಲು ಕಿವಿಗೆ ಬೀಳೋದೇ ‘ಮಾ ತ್ಸೋವ್ ರಿ, ಶ್ಯಾಂಗ್ ತ್ಸೋವ್ ತ್ಯೆನ್’. ಕುದುರೆ ‘ರಿ’ ನಡೆಯುತ್ತದೆ, ಆನೆ ‘ತ್ಯೆನ್’ ನಡೆಯುತ್ತದೆ. ರಿ ಅಂದರೆ ಸೂರ್ಯ, ಆದರೆ ಇಲ್ಲಿ ಅರ್ಥ ಮರೆತು ಅಕ್ಷರದ ಆಕಾರ ನೋಡಬೇಕು. ಒಂದರ ಮೇಲೊಂದು ಎರಡು ಚೌಕ. ಕುದುರೆ ಅದರ ಒಂದು ಮೂಲೆಯಿಂದ ಎದುರು ಮೂಲೆಗೆ ಹೋಗುತ್ತದೆ. ತ್ಯೆನ್ ಅಂದರೆ ಹೊಲ, ಆಕಾರ ನಾಲ್ಕು ಚೌಕ. ಆನೆ ಅದರ ಮೂಲೆಯಿಂದ ಮೂಲೆಗೆ. ಕಾಯಿಗಳು ಚೌಕದೊಳಗೆ ಕೂರೋದಿಲ್ಲ, ಗೆರೆ ಕೂಡುವ ಬಿಂದುವಿನ ಮೇಲೆ ಕೂರುತ್ತವೆ. ಅದಕ್ಕೇ ಅಕ್ಷರದ ಮೂಲೆಯ ಲೆಕ್ಕ ಸರಿಹೋಗುತ್ತದೆ.

ನಿಮ್ಮ ಸರದಿ ಬಂದರೆ ‘ಗಾಯ್ ನಿ ತ್ಸೋವ್ ಲ’ ಅಂತಾರೆ. ನಾವೂ ಚೆಸ್ಸಿನಲ್ಲಿ ‘ನಿನ್ನ ನಡೆ’ ಅಂತೀವಿ. ಇಲ್ಲಿ ‘ಹೊರಡು’ ಹಾಕಿ ನೋಡಿ, ‘ಈಗ ನೀನು ಹೊರಡು’ ಅಂತಾಗಿ ಎದುರಾಳಿ ಎದ್ದೇ ಹೋಗುತ್ತಾನೆ. ಗಡಿಯಾರವೂ ಅಷ್ಟೆ, ‘ಬ್ಯಾವ್ ಬು ತ್ಸೋವ್ ಲ’ ಅಂದರೆ ವಾಚು ನಡೀತಿಲ್ಲ. ಎರಡೂ ಇಟ್ಟುಕೊಳ್ಳಿ ಅನ್ನೋದು ನನ್ನ ವಾದ.

ಉತ್ತರ 3: ಹಾಂಗ್‌ಕಾಂಗ್‌ನಿಂದ

ಗೆಳತಿ ಹೇಳಿದ ‘ಓಡು’ ಜಪಾನಿನಲ್ಲಿ ಮಾತ್ರ ಉಳಿದಿರೋದಲ್ಲ. ಚೀನಾದ ದಕ್ಷಿಣದ ಭಾಷೆಗಳಲ್ಲೂ ಜೀವಂತ ಇದೆ. ಫೂಜಿಯಾನ್, ತೈವಾನ್ ಕಡೆಯ ಹೊಕ್ಕಿಯೆನ್‌ನಲ್ಲಿ ಇದೇ ಪದ ‘ಚಾವ್’, ಅರ್ಥ ಓಡು. ನಡೆಯೋದಕ್ಕೆ ಅವರು ಬೇರೆ ಪದ ಇಟ್ಟುಕೊಂಡಿದ್ದಾರೆ. ಹಾಂಗ್‌ಕಾಂಗ್ ಕಡೆಯ ಕ್ಯಾಂಟೊನೀಸ್‌ನಲ್ಲಿ ‘ಜಾವ್’ ಅಂದರೆ ಓಡು, ತಪ್ಪಿಸಿಕೋ, ಹೊರಡು. ನಡೆಯೋದಕ್ಕೆ ‘ಹಾಂಗ್’.

ನಾನು ಮ್ಯಾಂಡರಿನ್ ಕಲಿತು ಇಲ್ಲಿಗೆ ಬಂದವಳು. ಬಂದ ಹೊಸದರಲ್ಲಿ ಚಿಮ್ ಶಾ ಚೂಯ್‌ನಲ್ಲಿ ಸಮುದ್ರದ ದಂಡೆಗೆ ಸಹೋದ್ಯೋಗಿ ಜೊತೆ ಹೋಗಿದ್ದೆ. ಎದುರು ದಡದ ದೀಪಗಳೆಲ್ಲ ಹತ್ತಿಕೊಳ್ಳುತ್ತಿದ್ದವು. ಸ್ವಲ್ಪ ದೂರ ನಡೆಯೋಣ ಅನ್ನಿಸಿ, ನನ್ನ ಅರೆಬರೆ ಕ್ಯಾಂಟೊನೀಸ್‌ನಲ್ಲಿ ‘ಜಾವ್ ಲಾ’ ಅಂದೆ. ಅವಳ ಮುಖ ಚಿಕ್ಕದಾಯಿತು. ‘ಈಗಲೇನಾ?’ ಅಂತ ಬ್ಯಾಗ್ ಹೆಗಲಿಗೇರಿಸಿ ಮೆಟ್ರೋ ಕಡೆ ತಿರುಗಿಯೇ ಬಿಟ್ಟಳು. ಅವಳಿಗೆ ಕೇಳಿಸಿದ್ದು ‘ನಡಿ, ಮನೆಗೆ ಹೊರಡೋಣ’. ಹೇಳಬೇಕಾಗಿದ್ದದ್ದು ‘ಹಾಂಗ್ ಹಾ’, ಅಂದರೆ ಸುಮ್ನೆ ಒಂದಷ್ಟು ಅಡ್ಡಾಡೋದು.

ಇಲ್ಲಿನ ಚಹಾ ಹೋಟೆಲುಗಳಲ್ಲಿ ಈ ಪದಕ್ಕೆ ಇನ್ನೊಂದು ಕೆಲಸ ಇದೆ. ನಿಂಬೆ ಟೀ ಐಸ್ ಇಲ್ಲದೆ ಬೇಕಾದರೆ ‘ಜಾವ್ ಬಿಂಗ್’, ಅಂದರೆ ಐಸ್ ಓಡಿಸು! ಸಕ್ಕರೆ, ಹಾಲು ಎರಡೂ ಬೇಡದ ಕಾಫಿಗೆ ಹಳಬರು ‘ಫೇಯ್ ಸಾ ಜಾವ್ ನಾಯ್’ ಅಂತಾರೆ. ಮರಳು ಹಾರಲಿ, ಹಾಲು ಓಡಲಿ. ಮರಳು ಅಂದರೆ ಇಲ್ಲಿ ಸಕ್ಕರೆ. ಬಿರುಗಾಳಿಗೆ ‘ಮರಳು ಹಾರಿತು, ಕಲ್ಲು ಓಡಿತು’ ಅನ್ನೋ ಹಳೇ ನುಡಿಗಟ್ಟಿದೆ, ಅದನ್ನೇ ತಿರುಚಿ ಮಾಡಿದ ತಮಾಷೆ. ಕಲ್ಲು ಹೋಗಿ ಹಾಲು ಬಂತು. ನಾನು ಮೊದಲ ಸಲ ಕೇಳಿದಾಗ ಪಕ್ಕದ ಮೇಜಿನವರು ಜಗಳ ಆಡ್ತಿದ್ದಾರೆ ಅಂದುಕೊಂಡಿದ್ದೆ.

ಪ್ರಶ್ನೆ ಕೇಳಿದವಳು: ಎಂಟು ತಿಂಗಳ ವಿದ್ಯಾರ್ಥಿನಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ‘ಬಂದೆ ಬಂದೆ’ ಮಾತು ಓದಿದ ಕೂಡಲೇ ‘ಲ’ ಬಗ್ಗೆ ಇದ್ದ ಅರ್ಧ ಭಯ ಹೋಯಿತು.

ಒಂದೇ ಅನುಮಾನ ಉಳಿದಿದೆ ಸರ್. ಪಾಠದಲ್ಲಿ ‘ಥಾ ತ್ಸೋವ್ ಲ ಇ ಗ ಶ್ಯಾವ್‌ಶ್ರ್ ಲ’ ಅಂತ ಬಂತು. ಒಂದು ಗಂಟೆ, ಎರಡು ಲ. ಆತ ಒಂದು ಗಂಟೆಯಿಂದ ನಡೀತಾ ಇದ್ದಾನಾ, ಇಲ್ಲಾ ಹೊರಟು ಒಂದು ಗಂಟೆಯಾಯಿತಾ?

ಉತ್ತರ 4: ಹಳೇ ದುಭಾಷಿ

ಎರಡೂ ಆಗಬಹುದು. ಒಂಟಿ ವಾಕ್ಯ ಕೊಟ್ಟರೆ ಚೀನೀಯರೂ ‘ಯಾವ ಸಂದರ್ಭ?’ ಅಂತ ವಾಪಸ್ ಕೇಳುತ್ತಾರೆ. ‘ಕಾಲು ನೋಯ್ತಿದೆ’ ಅಂತ ಮುಂದೆ ಬಂದರೆ ನಡೆದದ್ದು. ‘ಫೋನ್ ಮಾಡು, ಇನ್ನೂ ದಾರಿಯಲ್ಲೇ ಇರಬೇಕು’ ಅಂತ ಬಂದರೆ ಹೊರಟದ್ದು. ‘ಮೂರು ವರ್ಷ’ ಅಂತ ಬಂದರೆ ಯಾರೂ ಮೂರು ವರ್ಷ ನಡೆಯೋದಿಲ್ಲ. ಆಗ ಊರು ಬಿಟ್ಟದ್ದೋ, ಲೋಕ ಬಿಟ್ಟದ್ದೋ ನೋಡಬೇಕು.

ಚದುರಂಗದವರ ಮಾತು ಒಪ್ಪಿದೆ. ನಡೆ ಅಳಿಸಬೇಡಿ, ಎರಡನೇ ಸಾಲಿಗೆ ಇಳಿಸಿ. ಅಂದಹಾಗೆ ಮೂರನೇ ಸ್ವರ ಸರಿಯಾಗಿ ತಗ್ಗಲಿ. ಮೇಲಿಂದ ಕೆಳಕ್ಕೆ ಝಾಡಿಸಿದರೆ ನಾಲ್ಕನೇ ಸ್ವರದ ತ್ಸೋವ್ ಆಗುತ್ತದೆ, ಅದಕ್ಕೆ ಅರ್ಥ ‘ತದಕು’.

ಪ್ರಶ್ನೆ ಕೇಳಿದವಳು: ಎಂಟು ತಿಂಗಳ ವಿದ್ಯಾರ್ಥಿನಿ

ಇವತ್ತು ಹೊಸ ದಿನಚರಿ ಕಳಿಸಿದೆ. ‘ಯೆಯೆ ತ್ಸಾವ್‌ಶಾಂಗ್ ಛ್ಯು ಸಾನ್‌ಬು ಲ.’ ಮೊದಲಿನದು ನನ್ನ ತಪ್ಪು, ತಾತ ಗಟ್ಟಿಯಾಗಿದ್ದಾರೆ ಅಂತಲೂ ಕೆಳಗೆ ಬರೆದೆ.

ಟೀಚರ್ ಒಂದು ಸಾಲು ನಗುವಿನ ಚಿತ್ರ ಹಾಕಿ, ಕೊನೆಗೆ ‘ಹ್ವೇಯ್ ಲಾಯ್ ಲ ಮಾ?’ ಅಂತ ಕೇಳಿದರು. ವಾಪಸ್ ಬಂದರಾ?

ಬಂದಿದ್ದಾರೆ. ಪಕ್ಕದಲ್ಲೇ ಕೂತು, ಏನು ನಗ್ತಾ ಇದ್ದೀಯ ಅಂತ ಕೇಳುತ್ತಿದ್ದಾರೆ.